ತಳದಿಂದ ಕಲಸಿ, ನಂಬಿಕೆ ಉಳಿಸಿ

(ಸ್ವಸಹಾಯ ಸಂಘಗಳಿಗೆ ಪಾಠ: ಪಾತ್ರೆ ತೊಳೆಯುವ ದ್ರವ ತಯಾರಿಸುವಾಗ ಕಲಸುವ ಕ್ರಮ)



ರಾಗಿ ಮುದ್ದೆ ತಿರುವುವಾಗ ನೀವು ಏನನ್ನು ನೋಡುತ್ತೀರಿ? ಗಂಟು ಉಳಿಯಬಾರದು, ತಳ ಹಿಡಿಯಬಾರದು, ನಡುವೆ ಹಸಿ ಹಿಟ್ಟು ಇರಬಾರದು. ಇದನ್ನು ನಿಮಗೆ ಯಾರೂ ತರಬೇತಿ ಕೊಟ್ಟು ಕಲಿಸಲಿಲ್ಲ. ಅಮ್ಮನ ಪಕ್ಕ, ಅತ್ತೆಯ ಪಕ್ಕ ನಿಂತು ನೋಡಿ ಕಲಿತಿರಿ. ಗಂಟು ಉಳಿದ ಮುದ್ದೆ ತಟ್ಟೆಗೆ ಬಿದ್ದರೆ ಮನೆಯವರು ಒಂದು ಮಾತು ಅಂದು ಸುಮ್ಮನಾಗುತ್ತಾರೆ. ಆದರೆ ನಾವು ಸಂಘದಲ್ಲಿ ತಯಾರಿಸಿ ಮಾರುವ ಸಾಮಾನಿನಲ್ಲಿ ಗಂಟು ಉಳಿದರೆ ಗಿರಾಕಿ ಮಾತಾಡುವುದಿಲ್ಲ, ಮುಂದಿನ ಸಲ ಬರುವುದೇ ಇಲ್ಲ.

ಪಾತ್ರೆ ತೊಳೆಯುವ ದ್ರವ ಅಂದರೆ ನಮ್ಮ ಬಹಳ ಸಂಘಗಳಿಗೆ ಪರಿಚಯದ ಕೆಲಸ. ಬಂಡವಾಳ ಕಡಿಮೆ, ಯಂತ್ರ ಬೇಡ, ಎರಡು ಬಕೆಟ್ಟು ಒಂದು ಕೋಲು ಇದ್ದರೆ ಸಾಕು. ಸಾಮಾನಿನ ಪಟ್ಟಿ ಎಲ್ಲರ ಹತ್ತಿರವೂ ಇದೆ. ಆದರೆ ಕಲಸುವುದು ಹೇಗೆ ಎಂದು ಬರೆದಿಟ್ಟುಕೊಂಡವರು ಕಡಿಮೆ. "ಎಲ್ಲಾ ಹಾಕಿ ಚೆನ್ನಾಗಿ ತಿರುವಿ" ಅಂತ ಒಂದೇ ಸಾಲು ಇರುತ್ತೆ. ಈ ಪಾಠ ಆ ಒಂದು ಸಾಲಿನ ಬಗ್ಗೆ.

ನಡೆದ ಒಂದು ಸಂಗತಿ

ನಾವು ಕೆಲಸ ಮಾಡುವ ಹಳ್ಳಿಯೊಂದರಲ್ಲಿ 14 ಮಂದಿಯ ಒಂದು ಸಂಘ. ಹೆಸರು ಬೇಡ. ಉಳಿತಾಯದ ದುಡ್ಡಿನಿಂದ 3,000 ರೂಪಾಯಿ ತೆಗೆದು ಸಾಮಾನು ತಂದರು. ನಾವೇ ಒಂದು ದಿನದ ತರಬೇತಿ ಕೊಟ್ಟಿದ್ದೆವು. ಮೊದಲ ಸಲ ಸ್ವಲ್ಪವೇ ಮಾಡಿದರು, ಚೆನ್ನಾಗಿ ಬಂತು. ಧೈರ್ಯ ಬಂತು. ಎರಡನೇ ಸಲ ದೊಡ್ಡ ಡ್ರಮ್ಮಿನಲ್ಲಿ 40 ಲೀಟರ್ ಮಾಡಿದರು. ಹತ್ತಿರದ ಹಾಸ್ಟೆಲ್ಲಿಗೂ ನಾಲ್ಕು ಅಂಗಡಿಗೂ ಕೊಟ್ಟರು.

ಎಂಟು ದಿನದಲ್ಲಿ ದೂರು ಶುರುವಾಯಿತು. ಒಂದು ಅಂಗಡಿಯವರು, "ಇದೇನಮ್ಮ, ಬಣ್ಣದ ನೀರು ಕೊಟ್ಟಿದ್ದೀರಿ, ನೊರೆಯೇ ಬರಲ್ಲ" ಅಂದರು. ಹಾಸ್ಟೆಲ್ಲಿನಿಂದ ಬಂದ ದೂರು ಬೇರೆ. ಅಲ್ಲಿ ಪಾತ್ರೆ ತೊಳೆಯುವ ಅಕ್ಕನ ಬೆರಳುಗಳ ಸಂದಿಯಲ್ಲಿ ಚರ್ಮ ಕಿತ್ತು ಬಂದಿತ್ತು. ಮೂರು ದಿನ ಆಕೆ ಅನ್ನ ಕಲಸಿ ತಿನ್ನಲೂ ಆಗದೆ ಚಮಚದಲ್ಲಿ ತಿಂದಳಂತೆ.

ಸಂಘದ ಸಭೆಯಲ್ಲಿ ಜಗಳ ಆಯಿತು. ಅವತ್ತು ಕೋಲು ಹಿಡಿದು ತಿರುವಿದವಳು ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವಳು. "ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು" ಅಂದರು ಕೆಲವರು. "ಸಾಮಾನು ತಂದವರು ಕಲಬೆರಕೆ ತಂದಿದ್ದಾರೆ" ಅಂದರು ಇನ್ನು ಕೆಲವರು. ಆ ಹುಡುಗಿ ಮುಂದಿನ ಎರಡು ಸಭೆಗೆ ಬರಲಿಲ್ಲ. ಸಂಘ ಒಡೆಯುವ ಹಂತಕ್ಕೆ ಬಂತು.

ನಾವು ಹೋಗಿ ಕೂತು ಕೇಳಿದೆವು. ಒಂದೇ ಡ್ರಮ್ಮಿನಿಂದ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಕೈ ಸುಡುವ ದ್ರವ ಹೋಗಿದ್ದು ಹೇಗೆ? ಸಾಮಾನು ಕಲಬೆರಕೆ ಆಗಿದ್ದರೆ ಎಲ್ಲ ಬಾಟಲಿಯೂ ಒಂದೇ ಥರ ಕೆಡಬೇಕಿತ್ತು. ಅಂದರೆ ತಪ್ಪು ಸಾಮಾನಿನಲ್ಲಿ ಇರಲಿಲ್ಲ, ಕಲಸಿದ್ದರಲ್ಲಿ ಇತ್ತು. ಆದರೆ ತಿರುವಿದವಳ ತಪ್ಪೂ ಅಲ್ಲ. ಹೇಗೆ ಕಲಸಬೇಕು, ಕಲಸಿದ್ದು ಸಾಕೋ ಸಾಲದೋ ಎಂದು ಹೇಗೆ ತಿಳಿಯಬೇಕು ಎಂಬುದನ್ನು ನಾವು ಅವತ್ತು ಕಲಿಸಿರಲಿಲ್ಲ. ಪಟ್ಟಿ ಕೊಟ್ಟು ಬಂದಿದ್ದೆವು. ಇದನ್ನು ನಾವು ಆ ಸಭೆಯಲ್ಲೇ ಒಪ್ಪಿಕೊಂಡೆವು. ಇಲ್ಲಿಯೂ ಬರೆಯುತ್ತಿದ್ದೇವೆ.

ಡ್ರಮ್ಮಿನೊಳಗೆ ಆಗಿದ್ದು ಏನು?

ಈ ದ್ರವದ ಮುಖ್ಯ ಸಾಮಾನು ಆ್ಯಸಿಡ್ ಸ್ಲರಿ. ಕಂದು ಬಣ್ಣದ, ಕಾಕಂಬಿಯಂಥ ಮಂದ ದ್ರವ. ಹೆಸರೇ ಹೇಳುವಂತೆ ಇದು ಆಮ್ಲ. ಬರಿಗೈಗೆ ಬಿದ್ದರೆ ಸುಡುತ್ತದೆ. ಇದಕ್ಕೆ ಕಾಸ್ಟಿಕ್ ಸೋಡಾ ನೀರು ಸೇರಿದಾಗ ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದು, ಕೊಳೆ ತೆಗೆಯುವ ಸಾಬೂನಿನಂಥ ವಸ್ತು ಆಗುತ್ತದೆ. ಎರಡೂ ಸುಡುವ ವಸ್ತುಗಳೇ, ಆದರೆ ಸರಿಯಾದ ಅಳತೆಯಲ್ಲಿ ಪೂರ್ತಿ ಕೂಡಿದರೆ ಸೌಮ್ಯವಾಗುತ್ತವೆ. ಪೂರ್ತಿ ಕೂಡಬೇಕು, ಅದೇ ಮುಖ್ಯ.

ಸ್ಲರಿ ನೀರಿಗಿಂತ ಸ್ವಲ್ಪ ಭಾರ. ಮಂದವೂ ಹೌದು. ಒಂದೇ ಸಲ ಸುರಿದರೆ ತಳಕ್ಕೆ ಇಳಿದು ಕೂರುತ್ತದೆ. ಮೇಲೆ ಕೋಲು ಆಡಿಸಿದರೆ ನೊರೆ ಬರುತ್ತದೆ, ಬಣ್ಣ ಒಂದೇ ಥರ ಕಾಣುತ್ತದೆ. ನೋಡುವವರಿಗೆ ಕಲಸಿ ಆಯಿತು ಅನ್ನಿಸುತ್ತದೆ. ಆದರೆ ತಳದಲ್ಲಿ ಸ್ಲರಿ ಹಾಗೇ ಉಳಿದಿರುತ್ತದೆ. ಆ ಸಂಘದವರು ಮೇಲಿನಿಂದ ಮಗ್ಗಿನಲ್ಲಿ ತೆಗೆದು ತುಂಬಿದರು. ಮೊದಲ ಬಾಟಲಿಗಳಿಗೆ ನೀರು ಬಂತು, ಕೊನೆಯ ಬಾಟಲಿಗಳಿಗೆ ಕೂಡದೆ ಉಳಿದ ಆಮ್ಲ ಬಂತು. ಕೊನೆಯ ಡಬ್ಬ ಹಾಸ್ಟೆಲ್ಲಿಗೆ ಹೋಯಿತು. ಇಷ್ಟೇ ನಡೆದದ್ದು.

ಅವತ್ತು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಾಗಿತ್ತು, ಅವಸರ ಇತ್ತು. ಜೊತೆಗೆ 10 ಲೀಟರಿಗೆ ಸಾಕಾಗಿದ್ದ ಕೋಲು 40 ಲೀಟರಿನ ಡ್ರಮ್ಮಿನ ತಳ ಮುಟ್ಟುತ್ತಲೇ ಇರಲಿಲ್ಲ.

ಕಲಸುವ ಮೊದಲು ಗಮನಿಸಬೇಕಾದ್ದು

1. ಪಾತ್ರೆ: ದಪ್ಪ ಪ್ಲಾಸ್ಟಿಕ್ ಬಕೆಟ್ಟು ಅಥವಾ ಸ್ಟೀಲು. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಮ್ಮನ್ನು ತಿಂದು, ಬೆಂಕಿ ಹತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಡಿಸುತ್ತದೆ. 10 ಲೀಟರ್ ಮಾಡಲು 20 ಲೀಟರಿನ ಬಕೆಟ್ಟು ಇರಲಿ. ಕೋಲಾಡಿಸಲು ಜಾಗ ಬೇಕು.

2. ಕೋಲು: ಬಕೆಟ್ಟಿನ ಎತ್ತರಕ್ಕಿಂತ ಒಂದು ಮೊಳ ಉದ್ದ ಇರಬೇಕು, ತುದಿ ಚಪ್ಪಟೆಯಾಗಿ ಸೌಟಿನ ಹಾಗೆ ಇದ್ದರೆ ಒಳ್ಳೆಯದು. ಮರದ ಕೋಲು ದ್ರವವನ್ನು ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೀಲಿನದು ಇರಲಿ. ಅಡಿಗೆಗೆ ಬಳಸುವ ಸೌಟನ್ನು ತರಬೇಡಿ, ಇಲ್ಲಿ ಬಳಸಿದ್ದನ್ನು ಅಡಿಗೆಗೆ ಒಯ್ಯಬೇಡಿ.

3. ನೀರು: ಬಯಲುಸೀಮೆಯ ಕೊಳವೆಬಾವಿ ನೀರು ಬಹಳ ಕಡೆ ಗಡಸು. ಅದರಲ್ಲಿರುವ ಸುಣ್ಣದ ಅಂಶ ದ್ರವವನ್ನು ಮಬ್ಬಾಗಿಸುತ್ತದೆ, ನೊರೆಯನ್ನೂ ತಿನ್ನುತ್ತದೆ. ಬೇಳೆ ಬೇಯದ ನೀರಿನಲ್ಲಿ ಈ ದ್ರವವೂ ಸರಿ ಬರುವುದಿಲ್ಲ ಎಂದು ತಿಳಿಯಿರಿ. ಹಿಡಿದಿಟ್ಟ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಿದರೆ ಉತ್ತಮ.

4. ಕೈ, ಕಣ್ಣು: ರಬ್ಬರ್ ಕೈಚೀಲ ಮತ್ತು ಕಣ್ಣಿಗೆ ಕನ್ನಡಕ ಇಲ್ಲದೆ ಕಾಸ್ಟಿಕ್ ಸೋಡಾದ ಪೊಟ್ಟಣ ಬಿಚ್ಚಬೇಡಿ. ಸೆರಗು ಸಿಕ್ಕಿಸಿಕೊಳ್ಳಿ, ಕೈಬಳೆ ಮೇಲಕ್ಕೆ ಸರಿಸಿ. ಪಕ್ಕದಲ್ಲಿ ಎರಡು ಕೊಡ ಶುದ್ಧ ನೀರು ತುಂಬಿಟ್ಟಿರಬೇಕು. ಮಕ್ಕಳು ಆ ಜಾಗದಲ್ಲಿ ಇರಬಾರದು.

ಮೈಗೆ ಅಥವಾ ಕಣ್ಣಿಗೆ ಸಿಡಿದರೆ ತಡಮಾಡದೆ ಹರಿಯುವ ನೀರಿನಲ್ಲಿ ಕನಿಷ್ಠ 15 ರಿಂದ 20 ನಿಮಿಷ ತೊಳೆಯಿರಿ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆದು ನೇರ ಆಸ್ಪತ್ರೆಗೆ ಹೋಗಿ. ನಿಂಬೆಹಣ್ಣು, ಎಣ್ಣೆ, ಅರಿಶಿನ ಏನನ್ನೂ ಹಚ್ಚಬೇಡಿ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ. ಬಾಯಿ ಮುಕ್ಕಳಿಸಿ, 108ಕ್ಕೆ ಫೋನ್ ಮಾಡಿ, ಆ ಡಬ್ಬವನ್ನೂ ಜೊತೆಗೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಕಾಸ್ಟಿಕ್ ನೀರನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಬಾಟಲಿ ಕಾಣುತ್ತದೆ, ಒಳಗಿರುವುದು ಕಾಣುವುದಿಲ್ಲ.

ಸುಮಾರು 10 ಲೀಟರಿಗೆ ಬೇಕಾಗುವ ಸಾಮಾನು

ಆ್ಯಸಿಡ್ ಸ್ಲರಿ 1 ಕಿಲೋ
ಕಾಸ್ಟಿಕ್ ಸೋಡಾ ಹಳುಕು ಸುಮಾರು 120 ಗ್ರಾಂ
ಎಸ್‌ಎಲ್‌ಇಎಸ್ ಪೇಸ್ಟ್ ಅರ್ಧ ಕಿಲೋ
ಉಪ್ಪು 150 ಗ್ರಾಂ (ಎಲ್ಲವೂ ಬೇಕಾಗದಿರಬಹುದು)
ಬಣ್ಣ ಒಂದು ಚಿಟಿಕೆ, ಪರಿಮಳದ ಎಣ್ಣೆ 20 ರಿಂದ 30 ಮಿಲಿಲೀಟರ್
ಪಿಎಚ್ ಕಾಗದ, ತಕ್ಕಡಿ, ಅಳತೆ ಮಗ್ಗು

ಸ್ಲರಿಯ ಬಲ ಒಂದೊಂದು ಅಂಗಡಿಯಲ್ಲಿ ಒಂದೊಂದು ಥರ ಇರುತ್ತದೆ. ಆದ್ದರಿಂದ ಕಾಸ್ಟಿಕ್ ಸೋಡಾದ ಅಳತೆ ಅಂದಾಜು ಮಾತ್ರ. ಕೊನೆಯ ಮಾತು ಹೇಳುವುದು ಪಿಎಚ್ ಕಾಗದ. ಎಲ್ಲವನ್ನೂ ತೂಕ ಮಾಡಿ. "ಒಂದು ಲೋಟ, ಎರಡು ಹಿಡಿ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಲಸುವ ಕ್ರಮ

ಹಿಂದಿನ ರಾತ್ರಿ: ಎಸ್‌ಎಲ್‌ಇಎಸ್ ಪೇಸ್ಟ್ ಬೆಣ್ಣೆ ಹಾಗೆ ಗಟ್ಟಿ ಇರುತ್ತದೆ. ಇದರ ಮೇಲೆ ನೀರು ಸುರಿದು ತಿರುವಿದರೆ ಇನ್ನೂ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಬಹಳ ಸಂಘಗಳು ಇಲ್ಲಿಯೇ ಸೋಲುತ್ತವೆ. ಹಾಗಾಗಿ ಬೇರೆ ಬಕೆಟ್ಟಿನಲ್ಲಿ ಒಂದೂವರೆ ಲೀಟರ್ ನೀರು ಮೊದಲು ಹಾಕಿ. ಪೇಸ್ಟನ್ನು ಸಣ್ಣ ಸಣ್ಣ ತುಂಡು ಮಾಡಿ ನೀರಿಗೆ ಬಿಡಿ. ಮುಚ್ಚಿಟ್ಟು ರಾತ್ರಿಯೆಲ್ಲಾ ನೆನೆಯಲು ಬಿಡಿ. ಅಕ್ಕಿ ನೆನೆಸಿದ ಹಾಗೆ ಅಂದುಕೊಳ್ಳಿ. ಬೆಳಿಗ್ಗೆ ಮೆಲ್ಲಗೆ ತಿರುವಿದರೆ ಕರಗುತ್ತದೆ. ಜರಡಿಯಲ್ಲಿ ಸೋಸಿ ನೋಡಿ. ಕಪ್ಪೆ ಮೊಟ್ಟೆಯ ಹಾಗೆ ಪಾರದರ್ಶಕ ಗಂಟುಗಳು ಸಿಕ್ಕರೆ ಅವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮತ್ತೆ ನೆನೆಸಿ. ಒಂದೂ ಗಂಟು ಉಳಿಯದ ಮೇಲೆ ಮುಂದಿನ ಕೆಲಸ.

ಮೊದಲ ಹೆಜ್ಜೆ: 1 ಲೀಟರ್ ತಣ್ಣೀರಿಗೆ 120 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಒಲೆ ಇಲ್ಲದೆಯೇ ಈ ನೀರು ಬಿಸಿಯಾಗುತ್ತದೆ, ಹೆದರಬೇಡಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು ಮಾಡಿ. ಆವಿ ಮೂಗಿಗೆ ಬರಬಾರದು. ಪೂರ್ತಿ ಆರಲು ಬಿಡಿ.

ಎರಡನೇ ಹೆಜ್ಜೆ: ದೊಡ್ಡ ಬಕೆಟ್ಟಿಗೆ 5 ಲೀಟರ್ ನೀರು ಹಾಕಿ. ಆರಿದ ಕಾಸ್ಟಿಕ್ ನೀರಿನಲ್ಲಿ ಮುಕ್ಕಾಲು ಪಾಲನ್ನು ಇದಕ್ಕೆ ಸೇರಿಸಿ. ಉಳಿದ ಕಾಲು ಪಾಲನ್ನು ಹೆಸರು ಬರೆದು ಪಕ್ಕಕ್ಕೆ ಇಡಿ.

ಮೂರನೇ ಹೆಜ್ಜೆ: ಈಗ ಸ್ಲರಿ. ಒಬ್ಬರು ನೂಲಿನಂತೆ ಸಣ್ಣಗೆ ಸುರಿಯಬೇಕು, ಇನ್ನೊಬ್ಬರು ಬಿಡದೆ ತಳದಿಂದ ತಿರುವಬೇಕು. ತಿರುವುವವರ ಕೈ ನಿಂತರೆ ಸುರಿಯುವವರ ಕೈಯೂ ನಿಲ್ಲಬೇಕು. 1 ಕಿಲೋ ಸ್ಲರಿ ಸುರಿಯಲು 15 ನಿಮಿಷವಾದರೂ ಹಿಡಿಯಲಿ. ಎಲ್ಲಾ ಸುರಿದ ಮೇಲೆ ಪಾತ್ರೆಗೆ ಅಂಟಿದ ಸ್ಲರಿಯನ್ನು ಬಕೆಟ್ಟಿನ ದ್ರವದಿಂದಲೇ ತೊಳೆದು ಬಕೆಟ್ಟಿಗೆ ಹಾಕಿ. ಪಾತ್ರೆಯಲ್ಲಿ ಉಳಿದದ್ದೂ ನೀವು ತೂಕ ಮಾಡಿ ತಂದದ್ದೇ ಅಲ್ಲವೆ?

ನಾಲ್ಕನೇ ಹೆಜ್ಜೆ: ಇನ್ನೂ 5 ನಿಮಿಷ ತಿರುವಿ, ನೊರೆಯನ್ನು ಸರಿಸಿ, ಪಿಎಚ್ ಕಾಗದವನ್ನು ದ್ರವಕ್ಕೆ ಅದ್ದಿ. ನೊರೆಗೆ ಅದ್ದಬೇಡಿ. ಕಾಗದ ಆಮ್ಲದ ಬಣ್ಣ ತೋರಿಸುತ್ತದೆ. ಪಕ್ಕಕ್ಕಿಟ್ಟ ಕಾಸ್ಟಿಕ್ ನೀರನ್ನು ಒಂದೊಂದೇ ಚಮಚ ಹಾಕಿ, ಪ್ರತಿ ಸಲವೂ ಎರಡು ಮೂರು ನಿಮಿಷ ತಿರುವಿ, ಮತ್ತೆ ನೋಡಿ. 7 ಬಂದರೆ ನಿಲ್ಲಿಸಿ. ಕಾಸ್ಟಿಕ್ ನೀರು ಉಳಿದರೂ ಉಳಿಯಲಿ, ಮುಗಿಸಲೇಬೇಕು ಅಂತಿಲ್ಲ. ಆಮೇಲೆ ಉದ್ದನೆಯ ಸೌಟಿನಲ್ಲಿ ತಳದಿಂದ ಸ್ವಲ್ಪ ತೆಗೆದು ಅದಕ್ಕೂ ಕಾಗದ ಅದ್ದಿ. ಮೇಲೆ 7, ತಳದಲ್ಲಿ 3 ಬಂದರೆ ಕಲಸಿದ್ದು ಸಾಲದು ಎಂದೇ ಅರ್ಥ. ಆಗ ಕಾಸ್ಟಿಕ್ ಹಾಕಬೇಡಿ, ಕೋಲು ಹಾಕಿ.

ಐದನೇ ಹೆಜ್ಜೆ: ನೆನೆಸಿ ಸೋಸಿದ ಎಸ್‌ಎಲ್‌ಇಎಸ್ ದ್ರವವನ್ನು ನಿಧಾನ ಸೇರಿಸಿ. ಬಕೆಟ್ಟಿನ ಹೊರಗೆ ಮೊದಲೇ ಗುರುತು ಹಾಕಿಟ್ಟ ಒಂಬತ್ತೂವರೆ ಲೀಟರಿನ ಗೆರೆಯವರೆಗೆ ನೀರು ತುಂಬಿ. ಚೆನ್ನಾಗಿ ತಿರುವಿ.

ಆರನೇ ಹೆಜ್ಜೆ: ಬಣ್ಣವನ್ನು ಅರ್ಧ ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ಹಾಕಿ. ಪುಡಿಯನ್ನೇ ಉದುರಿಸಿದರೆ ಚುಕ್ಕೆ ಚುಕ್ಕೆ ಉಳಿಯುತ್ತದೆ. ಪರಿಮಳದ ಎಣ್ಣೆಯನ್ನು ಬಕೆಟ್ಟಿಗೆ ನೇರ ಸುರಿದರೆ ಮೇಲೆ ತೇಲುತ್ತದೆ. ಒಂದು ಮಗ್ಗು ದ್ರವ ಬೇರೆ ತೆಗೆದು ಅದರಲ್ಲಿ ಎಣ್ಣೆ ಕಲಸಿ, ಆಮೇಲೆ ಬಕೆಟ್ಟಿಗೆ ಸೇರಿಸಿ. ದ್ರವ ಬಿಸಿಯಾಗಿರುವಾಗ ಹಾಕಿದರೆ ಪರಿಮಳ ಗಾಳಿಗೆ ಹೋಗುತ್ತದೆ. ಕೆಡದಂತೆ ಇಡುವ ಔಷಧ ಬಳಸುವವರು ಅದರ ಡಬ್ಬದ ಮೇಲಿನ ಅಳತೆಯಂತೆ ಈಗಲೇ ಹಾಕಿ.

ಏಳನೇ ಹೆಜ್ಜೆ: ಕೊನೆಗೆ ಉಪ್ಪು. ಅರ್ಧ ಲೀಟರ್ ನೀರಿನಲ್ಲಿ 150 ಗ್ರಾಂ ಉಪ್ಪು ಕರಗಿಸಿ, ಒಂದೊಂದೇ ಸೌಟು ಹಾಕುತ್ತಾ ಬನ್ನಿ. ಉಪ್ಪು ಬಿದ್ದ ಹಾಗೆ ದ್ರವ ಮಂದವಾಗುತ್ತದೆ. ಇದು ನೋಡಲು ಚೆಂದ, ಆದರೆ ಆಸೆಗೆ ಬೀಳಬೇಡಿ. ಒಂದು ಹಂತ ದಾಟಿದರೆ ಅದೇ ಉಪ್ಪು ದ್ರವವನ್ನು ಮತ್ತೆ ನೀರು ಮಾಡುತ್ತದೆ. ಹೆಚ್ಚಾದ ಉಪ್ಪನ್ನು ವಾಪಸ್ಸು ತೆಗೆಯಲು ಆಗುವುದಿಲ್ಲ, ಸಾರಿಗೆ ಹಾಕಿದ ಉಪ್ಪಿನ ಹಾಗೆಯೇ. ಪ್ರತಿ ಸೌಟಿನ ನಂತರ ಎರಡು ಮೂರು ನಿಮಿಷ ತಿರುವಿ, ನೋಡಿ, ಆಮೇಲೆ ಇನ್ನೊಂದು ಸೌಟು. ದ್ರವ ಬೆಚ್ಚಗಿದ್ದರೆ ತೆಳ್ಳಗೆ ಕಾಣುತ್ತದೆ, ಆರಿದ ಮೇಲೆ ಮಂದವಾಗುತ್ತದೆ. ಆದ್ದರಿಂದ ಪೂರ್ತಿ ಆರಿದ ಮೇಲೆಯೇ ಉಪ್ಪಿನ ಕೆಲಸ.

ಕೋಲು ಆಡಿಸುವ ರೀತಿ

ಜೋರಾಗಿ ತಿರುವಿದರೆ ಬೇಗ ಕಲಸುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಜೋರಾಗಿ ಒಂದೇ ಕಡೆ ಸುತ್ತಿದರೆ ಬಕೆಟ್ಟಿನ ದ್ರವ ಎಲ್ಲಾ ಒಟ್ಟಿಗೇ ಸುತ್ತುತ್ತದೆ. ತಳದ್ದು ತಳದಲ್ಲೇ ಸುತ್ತುತ್ತದೆ, ಮೇಲಿನದು ಮೇಲೆಯೇ ಸುತ್ತುತ್ತದೆ. ಜಾತ್ರೆಯ ತೊಟ್ಟಿಲಲ್ಲಿ ಕೂತವರು ಎಷ್ಟು ಸುತ್ತಿದರೂ ಪಕ್ಕದ ತೊಟ್ಟಿಲಿಗೆ ಹೋಗುವುದಿಲ್ಲವಲ್ಲ, ಹಾಗೆ. ಜೊತೆಗೆ ಗಾಳಿ ಸೇರಿ ನೊರೆ ಏಳುತ್ತದೆ. ನೊರೆಯ ಕೆಳಗೆ ಏನಿದೆ ಎಂದು ಕಾಣುವುದೇ ಇಲ್ಲ.

ಹೀಗೆ ಮಾಡಿ. ಕೋಲಿನ ಚಪ್ಪಟೆ ತುದಿ ತಳವನ್ನು ಮುಟ್ಟಲಿ. ಅಂಚಿನಿಂದ ನಡುವಿಗೆ ಎಳೆದು, ತಳದ್ದನ್ನು ಮೇಲಕ್ಕೆ ಎತ್ತಿ, ಮೇಲಿನದನ್ನು ಕೆಳಕ್ಕೆ ತಳ್ಳಿ. ಚಿತ್ರಾನ್ನ ಕಲಸುವಾಗ ಅನ್ನವನ್ನು ಬುಡದಿಂದ ಎತ್ತಿ ಮಗುಚುತ್ತೀರಲ್ಲ, ಅದೇ ರೀತಿ. ಹತ್ತು ಸಲ ಬಲಕ್ಕೆ, ಹತ್ತು ಸಲ ಎಡಕ್ಕೆ. ಕೋಲಿನ ತುದಿ ದ್ರವದಿಂದ ಹೊರಗೆ ಬರಬಾರದು. ಕೈ ಸೋತರೆ ಮತ್ತೊಬ್ಬರಿಗೆ ಕೊಡಿ. ಒಬ್ಬರು ತಿರುವಲಿ, ಒಬ್ಬರು ಸುರಿಯಲಿ, ಒಬ್ಬರು ಗಡಿಯಾರ ನೋಡಿ ಬರೆದುಕೊಳ್ಳಲಿ. ಮೂವರಿಲ್ಲದೆ ಈ ಕೆಲಸ ಶುರು ಮಾಡಬೇಡಿ. ಕೊರೆಯುವ ವಿದ್ಯುತ್ ಯಂತ್ರಕ್ಕೆ ಕೋಲು ಕಟ್ಟಿ ತಿರುವುವವರೂ ಇದ್ದಾರೆ. ಒದ್ದೆ ನೆಲ, ಒದ್ದೆ ಕೈ, ಕರೆಂಟು ಒಟ್ಟಿಗೆ ಬೇಡ.

ಮೂರು ಬಾಟಲಿ ಪರೀಕ್ಷೆ

ಕಲಸಿದ ದ್ರವವನ್ನು ಮುಚ್ಚಿ 24 ಗಂಟೆ ಬಿಡಿ. ನೊರೆ ಇಳಿಯುತ್ತದೆ, ಗುಳ್ಳೆ ಹೋಗುತ್ತದೆ. ಮಾರನೇ ದಿನ ಇನ್ನೊಮ್ಮೆ ತಳದಿಂದ ಮೆಲ್ಲಗೆ ತಿರುವಿ ತುಂಬಲು ಶುರು ಮಾಡಿ. ತುಂಬುವಾಗ ಮೊದಲ ಬಾಟಲಿಗೆ 1, ಮಧ್ಯದ್ದಕ್ಕೆ 2, ಕೊನೆಯದಕ್ಕೆ 3 ಎಂದು ಬರೆಯಿರಿ. ಮೂರನ್ನೂ ಕಿಟಕಿಯಲ್ಲಿ ಸಾಲಾಗಿ ಇಟ್ಟು ಒಂದು ದಿನ ಬಿಡಿ. ಆಮೇಲೆ ನಾಲ್ಕು ವಿಷಯ ನೋಡಿ.

ಒಂದು, ಮೂರರ ಬಣ್ಣ ಒಂದೇ ಇದೆಯೇ? ಎರಡು, ಯಾವುದರಲ್ಲಾದರೂ ಮೇಲೊಂದು ಕೆಳಗೊಂದು ಪದರ, ಗೆರೆ ಕಾಣುತ್ತದೆಯೇ? ಮೂರು, ಪಿಎಚ್ ಕಾಗದ ಮೂರರಲ್ಲೂ ಒಂದೇ ಬಣ್ಣ ತೋರಿಸುತ್ತದೆಯೇ? ನಾಲ್ಕು, ಒಂದೇ ಆಲಿಕೆಯಲ್ಲಿ ಒಂದೇ ಅಳತೆ ಸುರಿದು ಎಣಿಸಿ, ಮೂರೂ ಇಳಿಯಲು ಹೆಚ್ಚುಕಡಿಮೆ ಒಂದೇ ಎಣಿಕೆ ಬರುತ್ತದೆಯೇ?

ನಾಲ್ಕಕ್ಕೂ ಸರಿ ಅಂತ ಬಂದರೆ ಮಾತ್ರ ಮಾರಾಟ. ಒಂದರಲ್ಲಿ ತಪ್ಪಿದರೂ ಎಲ್ಲವನ್ನೂ ಬಕೆಟ್ಟಿಗೆ ವಾಪಸ್ಸು ಸುರಿದು ಮತ್ತೆ ಕಲಸಿ, ಮತ್ತೆ ಪರೀಕ್ಷೆ ಮಾಡಿ. ಒಂದು ದಿನ ತಡವಾದರೆ ಗಿರಾಕಿ ಕಾಯುತ್ತಾರೆ. ಕೈ ಸುಟ್ಟುಕೊಂಡರೆ ಕಾಯುವುದಿಲ್ಲ. ನಾವು 20 ಬಾಟಲಿ ಮಾಡುತ್ತೇವೆ, ಆದರೆ ಕೊಂಡವರಿಗೆ ಸಿಗುವುದು ಒಂದೇ ಬಾಟಲಿ. ಅವರ ಪಾಲಿಗೆ ನಮ್ಮ ಸಂಘ ಅಂದರೆ ಆ ಒಂದು ಬಾಟಲಿಯೇ.

ಬಿಳಿ ಫಿನಾಯಿಲ್ ಮಾಡುವ ಸಂಘಗಳಿಗೂ ಇದೇ ಪಾಠ. ಫಿನಾಯಿಲ್ ಎಣ್ಣೆಯನ್ನು ನೀರಿಗೆ ನೂಲಿನಂತೆ ಬಿಡುತ್ತಾ ತಿರುವಬೇಕು. ಹಾಲಿನಂತೆ ಒಂದೇ ಸಮ ಬೆಳ್ಳಗಾಗಬೇಕು. ಮರುದಿನ ಮೇಲೆ ಎಣ್ಣೆಯ ಕಣ್ಣು ತೇಲಿದರೆ ಅದು ಇನ್ನೂ ಕಲಸಿಲ್ಲ.

ಪುಸ್ತಕ ಮತ್ತು ಚೀಟಿ

ಪ್ರತಿ ಸಲ ಮಾಡಿದ ದ್ರವಕ್ಕೂ ಒಂದು ನಂಬರು ಕೊಡಿ. ತಾರೀಕು, ಸಾಮಾನಿನ ತೂಕ, ತಂದ ಅಂಗಡಿ, ಸುರಿದವರು, ತಿರುವಿದವರು, ಎಷ್ಟು ನಿಮಿಷ, ಪಿಎಚ್ ಎಷ್ಟು ಬಂತು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಒಂದು ಬಾಟಲಿಯನ್ನು ಮಾರದೆ ಸಂಘದಲ್ಲೇ ಇಡಿ. ನಾಳೆ ದೂರು ಬಂದರೆ "ನೀನು, ನಾನು" ಎಂದು ಜಗಳ ಆಡುವ ಬದಲು ಪುಸ್ತಕ ಬಿಚ್ಚಿ ನೋಡಬಹುದು. ಪುಸ್ತಕ ಇದ್ದಿದ್ದರೆ ಆ ಚಿಕ್ಕ ಹುಡುಗಿ ಎರಡು ಸಭೆ ಮನೆಯಲ್ಲಿ ಕೂತು ಅಳಬೇಕಾಗಿರಲಿಲ್ಲ.

ಬಾಟಲಿಯ ಚೀಟಿಯ ಮೇಲೆ ಸಾಮಾನಿನ ಹೆಸರು, ತಯಾರಿಸಿದವರ ಹೆಸರು ವಿಳಾಸ, ಅಳತೆ, ತಯಾರಿಸಿದ ತಿಂಗಳು ವರ್ಷ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು ಇರಬೇಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಇದನ್ನು ಕೇಳುತ್ತದೆ. "ಮಕ್ಕಳಿಂದ ದೂರ ಇಡಿ" ಎಂದು ದೊಡ್ಡದಾಗಿ ಬರೆಯಿರಿ.

ಎಲ್ಲವನ್ನೂ ಕಲಸುವುದು ಬೇಡ

ಒಂದು ದ್ರವ ಕಲಸಲು ಕೈ ಕುದುರಿದ ಮೇಲೆ ಬೇರೆಯದನ್ನೂ ಮಾಡೋಣ ಅನ್ನಿಸುತ್ತದೆ. ಎಚ್ಚರ ಇರಲಿ. ಮೈಗೆ ಹಚ್ಚುವ ಸೋಪು, ಶಾಂಪೂ, ಕೈಗೆ ಹಚ್ಚುವ ಸ್ಯಾನಿಟೈಸರ್ ತಯಾರಿಸಿ ಮಾರಲು ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಕೆಲವು ಕಡೆ ಹುಡುಗರು ಸೇದುವ ಇ-ಸಿಗರೇಟಿಗೆ ಮನೆಯಲ್ಲೇ ನಿಕೋಟಿನ್ ದ್ರವ ಕಲಸುವ ಮಾತಾಡುತ್ತಾರೆ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ನಮ್ಮ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ, ದಾಸ್ತಾನು ಎಲ್ಲವನ್ನೂ 2019ರ ಕಾನೂನು ನಿಷೇಧಿಸಿದೆ. ಅದರ ಹತ್ತಿರವೂ ಹೋಗಬೇಡಿ, ಮನೆಯ ಮಕ್ಕಳಿಗೂ ಹೇಳಿ. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಎಂದಿಗೂ ಸೇರಿಸಬೇಡಿ. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ.

ಹೊಸದಾಗಿ ಕಲಿಯುವವರು ಕಣ್ಣಾರೆ ನೋಡಿ, ಕೈಯಾರೆ ಮಾಡಿ ಕಲಿಯಿರಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. ಅಲ್ಲಿ ತರಬೇತಿ ಉಚಿತ. ನಿಮ್ಮ ಕೆಲಸಕ್ಕೆ ಬೇಕಾದ ತರಬೇತಿ ಯಾವಾಗ ಇದೆ ಎಂದು ವಿಚಾರಿಸಿ.

ಆ ಸಂಘ ಈಗ

ಆ 14 ಮಂದಿ ಏನು ಮಾಡಿದರು ಗೊತ್ತೇ? ಅಂಗಡಿಗಳಿಂದ ಉಳಿದ ಬಾಟಲಿ ವಾಪಸ್ಸು ತಂದು ದುಡ್ಡು ಹಿಂದಿರುಗಿಸಿದರು. ಹಾಸ್ಟೆಲ್ಲಿಗೆ ಇಬ್ಬರು ಹೋಗಿ ಆ ಅಕ್ಕನ ಮುಂದೆ ನಿಂತು ತಪ್ಪಾಯಿತು ಅಂದರು, ಆಸ್ಪತ್ರೆ ಖರ್ಚು ಕೊಟ್ಟರು. ಹಾಕಿದ ದುಡ್ಡಿನ ಹೆಚ್ಚು ಪಾಲು ಹೋಯಿತು. ಆ ಹುಡುಗಿಯ ಮನೆಗೆ ಅಧ್ಯಕ್ಷೆಯೇ ಹೋಗಿ ಕರೆದುಕೊಂಡು ಬಂದರು.

ಈಗ ಅವರು ಒಂದು ಸಲಕ್ಕೆ 10 ಲೀಟರಿಗಿಂತ ಹೆಚ್ಚು ಮಾಡುವುದಿಲ್ಲ. ಪಿಎಚ್ ಕಾಗದ ಅದ್ದುವ ಕೆಲಸ ಆ ಹುಡುಗಿಯದೇ. ಅವಳು ತಲೆ ಆಡಿಸದೆ ಒಂದು ಬಾಟಲಿಯೂ ಹೊರಗೆ ಹೋಗುವುದಿಲ್ಲ. ಎರಡು ಅಂಗಡಿಗಳು ಮತ್ತೆ ತೆಗೆದುಕೊಳ್ಳುತ್ತಿವೆ. ಹಾಸ್ಟೆಲ್ಲಿನವರು ಇನ್ನೂ ಕೇಳಿಲ್ಲ. "ಕೇಳೋ ತನಕ ಕಾಯ್ತೀವಿ, ನಂಬಿಕೆ ಅಂದ್ರೆ ಅಷ್ಟು ಬೇಗ ಬರೋದಲ್ಲ" ಅಂತಾರೆ ಅಧ್ಯಕ್ಷೆ. ಅವರ ಮಾತು ನಮಗೂ ಪಾಠವೇ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘ ತಯಾರಿಸುವ ಸಾಮಾನಿನ ಮೊದಲ ಬಾಟಲಿ ಮತ್ತು ಕೊನೆಯ ಬಾಟಲಿ ಒಂದೇ ಥರ ಇದೆಯೇ? ಹೇಗೆ ಗೊತ್ತಾಯಿತು?
2. ನಮ್ಮ ಕೋಲು ಬಕೆಟ್ಟಿನ ತಳ ಮುಟ್ಟುತ್ತದೆಯೇ? ನಾವು ಬಳಸುವ ನೀರು ಎಲ್ಲಿಯದು?
3. ಕೈಚೀಲ, ಕನ್ನಡಕ, ಪಿಎಚ್ ಕಾಗದ ನಮ್ಮಲ್ಲಿ ಇವೆಯೇ? ಇಲ್ಲದಿದ್ದರೆ ಈ ತಿಂಗಳೇ ಕೊಳ್ಳಲು ತೀರ್ಮಾನ ಮಾಡೋಣವೇ?
4. ದೂರು ಬಂದಾಗ ನಾವು ಮೊದಲು ಹುಡುಕುವುದು ತಪ್ಪನ್ನೋ, ತಪ್ಪು ಮಾಡಿದವರನ್ನೋ?

ನಾಲ್ಕನೇ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ.